ಹದಿನಾಲ್ಕು–ಒಂದು, ಹನ್ನೊಂದು–ಐದು, ಹತ್ತು–ಒಂದು

ನಮ್ಮ ಕನ್ನಡ ಶಾಲೆಯಿಂದ ಪದವಿ ಪಡೆಯುವವರು ಸ್ಮರಣ ಸಂಚಿಕೆಗೆ ಒಂದು ಪ್ರಬಂಧ ಬರೆಯುವುದು ರೂಢಿ. ಹಿಂದಿನ ವರ್ಷಗಳ ಸಂಚಿಕೆಗಳನ್ನು ತಿರುವಿ ನೋಡಿದೆ. ಇತಿಹಾಸ ಎಂದರೆ ಹಂಪಿ, ಕಿತ್ತೂರು ಚೆನ್ನಮ್ಮ, ಮೈಸೂರು ಅರಮನೆ. ನಾನು ಟೆಕ್ಸಸ್‌ನ ನಗರಸಭೆಗಳ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆದರೆ ಓದುವವರಿಗೆ ನಿದ್ದೆ ಬರಬಾರದು" ಎಂದರು. ಪ್ರಯತ್ನಿಸುತ್ತೇನೆ.

ಮೇಲಿನ ಅಂಕಿಗಳು ಮಗ್ಗಿಯಲ್ಲ, ಕ್ರಿಕೆಟ್ ಸ್ಕೋರೂ ಅಲ್ಲ. ಡಲ್ಲಾಸ್ ನಗರಸಭೆಯಲ್ಲಿ ವಾರ್ಡಿಗೊಬ್ಬರಂತೆ 14 ಸದಸ್ಯರು, ಇಡೀ ಊರು ಆರಿಸುವ ಒಬ್ಬ ಮೇಯರ್. ಆಸ್ಟಿನ್‌ನಲ್ಲಿ 10 ವಾರ್ಡು, ಒಬ್ಬ ಮೇಯರ್. ಹ್ಯೂಸ್ಟನ್‌ನಲ್ಲಿ ಮೇಯರ್ ಬಿಟ್ಟು 11 ವಾರ್ಡು ಸದಸ್ಯರು, ಜೊತೆಗೆ ಊರಿನ ಎಲ್ಲರೂ ಸೇರಿ ಆರಿಸುವ ಐವರು. ನಾನು ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿ, ಅಪ್ಪನ ಕೆಲಸ ಬದಲಾದಾಗ ಆಸ್ಟಿನ್‌ಗೆ ಹೋದೆವು, ಈಗ ಇರುವುದು ಡಲ್ಲಾಸ್‌ನ ಉತ್ತರದ ತುದಿಯಲ್ಲಿ. ಮೂರೂ ಊರುಗಳಲ್ಲಿ ನಲ್ಲಿ ನೀರು, ಕಸದ ಲಾರಿ, ಗ್ರಂಥಾಲಯ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಇದ್ದವು. ಹಾಗಿದ್ದ ಮೇಲೆ ಊರನ್ನು ಆಳುವವರ ಲೆಕ್ಕ ಮಾತ್ರ ಮೂರು ಬಗೆ ಏಕೆ? ಈ ಪ್ರಶ್ನೆಯ ಹಿಂದೆ ಹೋದಾಗ ಸಿಕ್ಕಿದ್ದು ಬರೀ ಲೆಕ್ಕವಲ್ಲ, ಜಗಳದ ಇತಿಹಾಸ.

ಮೊದಲು ಒಂದು ಮೂಲ ವಿಷಯ. ಅಮೆರಿಕದ ಸಂವಿಧಾನದಲ್ಲಿ ನಗರ ಎಂಬ ಸಂಸ್ಥೆಯ ಪ್ರಸ್ತಾಪವೇ ಇಲ್ಲ. ಕೇಂದ್ರ ಇದೆ, ರಾಜ್ಯ ಇದೆ, ಅಷ್ಟೇ. ನಗರವನ್ನು ಹುಟ್ಟಿಸುವುದು ರಾಜ್ಯ. ಅಯೋವಾ ರಾಜ್ಯದ ನ್ಯಾಯಾಧೀಶ ಜಾನ್ ಡಿಲನ್ 1868ರಲ್ಲೇ ಇದನ್ನು ಖಡಾಖಂಡಿತವಾಗಿ ಹೇಳಿದ್ದರು: ರಾಜ್ಯ ಕೊಟ್ಟಷ್ಟೇ ನಗರದ ಅಧಿಕಾರ. ಟೆಕ್ಸಸ್‌ನ ಈಗಿನ ಸಂವಿಧಾನ 1876ರದು. ಅದರ ಪ್ರಕಾರ ದೊಡ್ಡ ಊರುಗಳು ತಮ್ಮ ಆಡಳಿತದ ಮೂಲ ದಾಖಲೆಯಾದ ಚಾರ್ಟರ್‌ನಲ್ಲಿ ಏನನ್ನು ಬದಲಿಸಬೇಕಾದರೂ ಆಸ್ಟಿನ್‌ನಲ್ಲಿರುವ ಶಾಸಕಾಂಗದ ಬಾಗಿಲಿಗೆ ಹೋಗಬೇಕಿತ್ತು. ಒಂದೊಂದು ಊರಿಗೆ ಒಂದೊಂದು ಕಾನೂನು ಮಾಡಿ ಮಾಡಿ ಶಾಸಕರಿಗೂ ಸಾಕಾಗಿತ್ತು. 1912ರಲ್ಲಿ ಜನ ಮತ ಹಾಕಿ ಒಂದು ತಿದ್ದುಪಡಿ ತಂದರು: 5,000ಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರು ತನ್ನ ಚಾರ್ಟರನ್ನು ತಾನೇ ಬರೆದುಕೊಳ್ಳಬಹುದು. ಇದಕ್ಕೆ ಹೋಂ ರೂಲ್ ಎನ್ನುತ್ತಾರೆ. ಆನಿ ಬೆಸೆಂಟರ ಚಳವಳಿಯ ಹೆಸರೂ ಅದೇ, ಆದರೆ ಎರಡಕ್ಕೂ ಸಂಬಂಧವಿಲ್ಲ. ಈ ಹೋಂ ರೂಲ್‌ಗೂ ಲಗಾಮು ಇದೆ. ಚಾರ್ಟರ್ ರಾಜ್ಯದ ಕಾನೂನಿಗೆ ವಿರುದ್ಧ ಹೋಗುವಂತಿಲ್ಲ. ಎರಡು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಅದನ್ನು ತಿದ್ದುವಂತಿಲ್ಲ.

ಇನ್ನು ಕುರ್ಚಿಗಳ ವಿಷಯ. ಇದು ಶುರುವಾಗಿದ್ದು ಒಂದು ಚಂಡಮಾರುತದಿಂದ. 1900ರ ಸೆಪ್ಟೆಂಬರ್ 8ರಂದು ಸಮುದ್ರ ಗ್ಯಾಲ್ವಸ್ಟನ್ ದ್ವೀಪದ ಮೇಲೆ ನುಗ್ಗಿತು. ಕನಿಷ್ಠ 6,000 ಜನ ಸತ್ತರು. ಊರನ್ನು ಮತ್ತೆ ಕಟ್ಟಲು ಹಳೆಯ ವಾರ್ಡು ಸದಸ್ಯರಿಂದ ಆಗುವುದಿಲ್ಲ ಎಂದು ಅಲ್ಲಿನ ವ್ಯಾಪಾರಸ್ಥರು ಶಾಸಕಾಂಗದ ಮೂಲಕ ಹೊಸ ಪದ್ಧತಿ ತಂದರು: ವಾರ್ಡುಗಳೇ ಬೇಡ, ಐದು ಜನ ಕಮಿಷನರುಗಳು ಸಾಕು, ಒಬ್ಬೊಬ್ಬರಿಗೆ ಒಂದೊಂದು ಇಲಾಖೆ. ಕೆಲಸ ಚುರುಕಾಯಿತು ಎಂಬುದು ನಿಜ. ಸಮುದ್ರಕ್ಕೆ ಅಡ್ಡವಾಗಿ ದೊಡ್ಡ ಗೋಡೆ ಎದ್ದಿತು. ಇದನ್ನು ನೋಡಿ ಹ್ಯೂಸ್ಟನ್ 1905ರಲ್ಲಿ, ಡಲ್ಲಾಸ್ 1907ರಲ್ಲಿ, ಆಸ್ಟಿನ್ 1909ರಲ್ಲಿ ಅದೇ ದಾರಿ ಹಿಡಿದವು. ಆದರೆ ವಾರ್ಡು ಹೋದರೆ ವಾರ್ಡಿನ ಜನರ ದನಿಯೂ ಹೋಗುತ್ತದೆ. ಅದೇ ಗ್ಯಾಲ್ವಸ್ಟನ್‌ನಲ್ಲಿ 1883ರಲ್ಲಿ ನಾರಿಸ್ ರೈಟ್ ಕ್ಯೂನಿ ಎಂಬ ಕಪ್ಪು ನಾಯಕ ನಗರಸಭೆಗೆ ಆಯ್ಕೆಯಾಗಿದ್ದರು. ವಾರ್ಡುಗಳು ಹೋದ ಕಾಲದಲ್ಲೇ, 1902ರಲ್ಲಿ, ಟೆಕ್ಸಸ್ ಮತದಾನಕ್ಕೆ ತಲೆಗಂದಾಯ ಹೇರಿತು. ವರ್ಷಕ್ಕೆ ಒಂದೂವರೆ ಡಾಲರ್ ಕಟ್ಟದವರಿಗೆ ಮತವಿಲ್ಲ. ಹತ್ತಿ ಬಿಡಿಸುವ ಕೂಲಿಯವರಿಗೆ ಅದು ಸಣ್ಣ ಮೊತ್ತವಲ್ಲ.

ಯಾರು ಮತ ಹಾಕಬಹುದು ಎಂಬುದನ್ನೂ ರಾಜ್ಯವೇ ಬರೆಯುತ್ತಿತ್ತು. ಇಲ್ಲಿ ನನಗೆ ತುಂಬ ಆಶ್ಚರ್ಯವಾದ ಒಂದು ಸಂಗತಿ ಸಿಕ್ಕಿತು. ಆ ಕಾಲದ ಟೆಕ್ಸಸ್‌ನಲ್ಲಿ ಪೌರತ್ವ ಇನ್ನೂ ಸಿಗದ ವಲಸಿಗ ಗಂಡಸರು, ಮುಂದೆ ಪೌರರಾಗುತ್ತೇವೆ ಎಂದು ಅರ್ಜಿ ಹಾಕಿದ್ದರೆ, ಮತ ಹಾಕಬಹುದಿತ್ತು. ಇಲ್ಲೇ ಹುಟ್ಟಿ ಬೆಳೆದ ಹೆಂಗಸರು ಹಾಕುವಂತಿರಲಿಲ್ಲ. 1919ರ ಮೇ 24ರಂದು ಹೆಂಗಸರಿಗೆ ಮತ ಕೊಡುವ, ಅದರ ಜೊತೆಗೇ ಪೌರರಲ್ಲದವರ ಮತ ಕಿತ್ತುಕೊಳ್ಳುವ ತಿದ್ದುಪಡಿ ಜನರ ಮುಂದೆ ಬಂತು. ಯೋಚಿಸಿ: ಮತ ಪಡೆಯಬೇಕಾದ ಹೆಂಗಸರು ಆ ದಿನ ಮತ ಹಾಕುವಂತಿಲ್ಲ, ಕಳೆದುಕೊಳ್ಳಬೇಕಾದ ವಲಸಿಗರು ಹಾಕಬಹುದು. ತಿದ್ದುಪಡಿ ಬಿದ್ದುಹೋಯಿತು. ಮುಂದಿನ ತಿಂಗಳೇ ಟೆಕ್ಸಸ್ ಶಾಸಕಾಂಗ ಹೆಂಗಸರ ಮತದ ಕೇಂದ್ರ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. 1921ರಲ್ಲಿ ಪೌರರಲ್ಲದವರ ಮತ ಹೋಯಿತು.

ನನ್ನ ಅಪ್ಪ ಅಮ್ಮ ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಗ್ರೀನ್ ಕಾರ್ಡಿನ ಸಾಲು ಇನ್ನೂ ಕರಗಿಲ್ಲ. ಮನೆ ತೆರಿಗೆ ಕಟ್ಟುತ್ತಾರೆ, ಮತ ಇಲ್ಲ. ನೂರು ವರ್ಷ ಹಿಂದಿನ ವಲಸಿಗರಿಗೆ ಇದ್ದದ್ದು ಅವರಿಗಿಲ್ಲ ಎಂದು ಹೇಳಿದಾಗ ಅಪ್ಪ ನಂಬಲಿಲ್ಲ. ನಮ್ಮ ಮನೆಯ ಮೊದಲ ಮತದಾರಳು ನಾನೇ ಆಗುತ್ತೇನೆ. ಟೆಕ್ಸಸ್‌ನಲ್ಲಿ ಹದಿನೇಳು ವರ್ಷ ಹತ್ತು ತಿಂಗಳಿಗೆ ಹೆಸರು ನೋಂದಾಯಿಸಬಹುದು. ಈ ಪ್ರಬಂಧಕ್ಕಾಗಿ ಇಷ್ಟು ಓದಿದ್ದಕ್ಕೆ ಅದೂ ಒಂದು ಕಾರಣ.

ಈಗ ಆಸ್ಟಿನ್. ಮೂರರಲ್ಲಿ ಅತ್ಯಂತ ಉದಾರವಾದಿ ಊರು ಎಂದು ಹೆಸರು. ಆದರೆ ವಾರ್ಡು ಕೊಡುವುದರಲ್ಲಿ ಕೊನೆಯದೂ ಅದೇ. 1928ರ ನಗರ ಯೋಜನೆ ಕಪ್ಪು ಜನರನ್ನು ಊರಿನ ಪೂರ್ವ ಭಾಗಕ್ಕೆ ತಳ್ಳಿತು. ಅವರ ಶಾಲೆ, ಪಾರ್ಕುಗಳನ್ನು ಅಲ್ಲಿ ಮಾತ್ರ ಕಟ್ಟಿದರೆ ಅವರಾಗಿಯೇ ಹೋಗುತ್ತಾರೆ ಎಂಬ ಲೆಕ್ಕ. ಒಂದೇ ಕಡೆ ಸೇರಿಸಿದ ಮೇಲೆ ಅಲ್ಲಿಗೊಂದು ವಾರ್ಡು ಇದ್ದಿದ್ದರೆ ಅವರದೇ ಒಬ್ಬ ಸದಸ್ಯ ಗೆಲ್ಲುತ್ತಿದ್ದರು. ವಾರ್ಡು ಇರಲಿಲ್ಲ. ಇಡೀ ಊರು ಐದು ಜನರನ್ನು ಆರಿಸುತ್ತಿತ್ತು. ಮೊದಲ ಐದು ಸ್ಥಾನ ಪಡೆದವರು ಸದಸ್ಯರು.

ಈ ಪದ್ಧತಿಯಲ್ಲೂ ಒಂದು ಸಂದು ಇತ್ತು. ಪ್ರತಿಯೊಬ್ಬರಿಗೂ ಐದು ಮತ, ಆದರೆ ಐದನ್ನೂ ಹಾಕಲೇಬೇಕು ಎಂದೇನಿಲ್ಲ. ಒಂದು ಗುಂಪಿನವರು ತಮ್ಮ ಅಭ್ಯರ್ಥಿ ಒಬ್ಬರಿಗೇ ಒಂದು ಮತ ಹಾಕಿ ಉಳಿದ ನಾಲ್ಕನ್ನು ಬಿಟ್ಟುಬಿಟ್ಟರೆ, ಎದುರಾಳಿಗಳಿಗೆ ಮತ ಕಡಿಮೆಯಾಗಿ ತಮ್ಮವರು ಮೇಲೆ ಬರುತ್ತಾರೆ. 1951ರಲ್ಲಿ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಅಧ್ಯಕ್ಷ ಆರ್ಥರ್ ಡಿವಿಟಿ ನಿಂತಾಗ ಪೂರ್ವ ಆಸ್ಟಿನ್ ಹೀಗೆಯೇ ಮಾಡಿತು. ಅವರು ಸ್ವಲ್ಪದರಲ್ಲಿ ತಪ್ಪಿಸಿಕೊಂಡರು. ಊರಿನ ದೊಡ್ಡವರಿಗೆ ಅಷ್ಟೇ ಸಾಕಾಯಿತು. 1953ರಲ್ಲಿ ಚಾರ್ಟರ್ ತಿದ್ದಿದರು: ಐದು ಕುರ್ಚಿಗೂ ನಂಬರ್ ಕೊಟ್ಟು ಪ್ರತಿಯೊಂದಕ್ಕೂ ಬೇರೆ ಸ್ಪರ್ಧೆ, ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು. ಯಾರ ಮತವನ್ನೂ ಕಿತ್ತುಕೊಳ್ಳಲಿಲ್ಲ. ಎಲ್ಲರಿಗೂ ಮೊದಲಿನಷ್ಟೇ ಮತ. ಕುರ್ಚಿಗಳನ್ನು ಮಾತ್ರ ಬೇರೆ ಥರ ಜೋಡಿಸಿದರು. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಬುದ್ಧಿವಂತ, ಅಷ್ಟೇ ಕೆಟ್ಟ ಕೆಲಸ ಎನಿಸಿದ್ದು ಇದು. ಆಸ್ಟಿನ್ ಇಪ್ಪತ್ತನೇ ಶತಮಾನದ ತನ್ನ ಮೊದಲ ಕಪ್ಪು ಸದಸ್ಯ ಬರ್ಲ್ ಹ್ಯಾಂಡ್‌ಕಾಕ್ಸ್ ಅವರನ್ನು ಆರಿಸಲು ಇಪ್ಪತ್ತು ವರ್ಷ ಹಿಡಿಯಿತು, 1971ರವರೆಗೆ.

ಆಮೇಲೆ ಎಲ್ಲೂ ಬರೆದಿಡದ ಒಂದು ಒಪ್ಪಂದ ಬಂತು. ಒಂದು ಕುರ್ಚಿ ಕಪ್ಪು ಜನರಿಗೆ, ಒಂದು ಮೆಕ್ಸಿಕನ್ ಮೂಲದವರಿಗೆ. ಆ ಕುರ್ಚಿಗಳಿಗೆ ಬಿಳಿಯರು ನಿಲ್ಲುವುದಿಲ್ಲ. ಇದಕ್ಕೆ ಸಭ್ಯರ ಒಪ್ಪಂದ ಎಂದು ಹೆಸರು. ಒಳ್ಳೆಯದೇ ಅಲ್ಲವೇ ಎಂದು ನನ್ನ ತಮ್ಮ ಕೇಳಿದ. ಅಷ್ಟು ಸರಳವಲ್ಲ. ಆ ಎರಡು ಕುರ್ಚಿಗಳಿಗೆ ಯಾರು ಗೆಲ್ಲಬೇಕು ಎಂದು ತೀರ್ಮಾನಿಸುತ್ತಿದ್ದದ್ದೂ ಇಡೀ ಊರಿನ ಬಹುಮತವೇ. ಪೂರ್ವ ಆಸ್ಟಿನ್ ಜನ ಬಯಸಿದವರೇ ಬರುತ್ತಾರೆ ಎಂಬ ಖಾತರಿ ಇರಲಿಲ್ಲ. ಬೇರೆಯವರು ದಯೆಯಿಂದ ಕೊಟ್ಟ ಕುರ್ಚಿಯನ್ನು ಅವರು ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ವಾರ್ಡು ಬೇಕು ಎಂಬ ಪ್ರಸ್ತಾವವನ್ನು 1973ರಿಂದ 2002ರವರೆಗೆ ಆಸ್ಟಿನ್ ಮತದಾರರು ಮತ್ತೆ ಮತ್ತೆ ಸೋಲಿಸಿದರು.

ಕೊನೆಗೆ ದಾರಿ ತೆರೆದದ್ದು ರಾಜ್ಯದ ಕಾನೂನಿನ ಒಂದು ಸಣ್ಣ ಕಲಮು. ಊರಿನ ಮತದಾರರಲ್ಲಿ ನೂರಕ್ಕೆ ಐದು ಜನ ಅಥವಾ 20,000 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸಹಿ ಹಾಕಿದರೆ, ನಗರಸಭೆಗೆ ಇಷ್ಟವಿರಲಿ ಬಿಡಲಿ, ಚಾರ್ಟರ್ ತಿದ್ದುಪಡಿಯನ್ನು ಜನರ ಮುಂದೆ ಇಡಲೇಬೇಕು. 2012ರಲ್ಲಿ ಊರಿನ ಜನ ಅಂಗಡಿ ಮುಂಗಟ್ಟುಗಳ ಮುಂದೆ ನಿಂತು ಸಹಿ ಕೂಡಿಸಿದರು. ನಗರಸಭೆ ತಾನೂ ಒಂದು ಪರ್ಯಾಯ ತಂದಿತು: ಎಂಟು ವಾರ್ಡು, ಎರಡು ಇಡೀ ಊರಿನ ಸೀಟು, ಒಬ್ಬ ಮೇಯರ್. ಆ ನವೆಂಬರ್‌ನಲ್ಲಿ ಗೆದ್ದದ್ದು ಜನರ ಹತ್ತು–ಒಂದು, ಸುಮಾರು ಶೇ. 60 ಮತಗಳಿಂದ. ಗಡಿ ಎಳೆಯುವ ಕೆಲಸವನ್ನೂ ರಾಜಕಾರಣಿಗಳ ಕೈಗೆ ಕೊಡದೆ ಹದಿನಾಲ್ಕು ಜನ ಸಾಮಾನ್ಯ ನಾಗರಿಕರ ಸಮಿತಿಗೆ ಕೊಟ್ಟರು. 2014ರ ನವೆಂಬರ್‌ನಲ್ಲಿ ಮೊದಲ ವಾರ್ಡು ಚುನಾವಣೆ ನಡೆಯಿತು. ನಗರಸಭೆಗೆ ಬಂದ ಮೊದಲ ಲ್ಯಾಟಿನಾ ಸದಸ್ಯೆ ಡೆಲಿಯಾ ಗಾರ್ಜಾ ಗೆದ್ದದ್ದು ಆಗಲೇ.

ಡಲ್ಲಾಸ್‌ನಲ್ಲಿ ಇದೇ ಜಗಳ ಮತಪೆಟ್ಟಿಗೆಯಲ್ಲಿ ಮುಗಿಯದೆ ನ್ಯಾಯಾಲಯದಲ್ಲಿ ಮುಗಿಯಿತು. ಇಲ್ಲಿ 1931ರಿಂದ ಸಿಟಿ ಮ್ಯಾನೇಜರ್ ಪದ್ಧತಿ. ಅಂದರೆ ದಿನನಿತ್ಯದ ಆಡಳಿತ ನಡೆಸುವುದು ಚುನಾಯಿತ ಮೇಯರ್ ಅಲ್ಲ, ನಗರಸಭೆ ನೇಮಿಸಿದ ಅಧಿಕಾರಿ. ವ್ಯಾಪಾರಸ್ಥರ ಬೆಂಬಲದ ಒಂದು ಸಂಘ ಅಭ್ಯರ್ಥಿಗಳ ಪಟ್ಟಿ ಮಾಡುತ್ತಿತ್ತು, ದಶಕಗಳ ಕಾಲ ಅವರೇ ಗೆಲ್ಲುತ್ತಿದ್ದರು. ಆಲ್ ಲಿಪ್ಸ್‌ಕೂಂಬ್ ಮೊದಲಾದವರ ಮೊಕದ್ದಮೆಯ ಫಲವಾಗಿ 1975ರಲ್ಲಿ ಎಂಟು ವಾರ್ಡು, ಮೂರು ಇಡೀ ಊರಿನ ಸೀಟು ಎಂದಾಯಿತು. ಅದೂ ಸಾಲದು ಎಂದು ರಾಯ್ ವಿಲಿಯಮ್ಸ್ ಮತ್ತು ಮಾರ್ವಿನ್ ಕ್ರೆನ್‌ಶಾ ಮತ್ತೆ ದಾವೆ ಹೂಡಿದರು. 1990ರಲ್ಲಿ ನ್ಯಾಯಾಧೀಶ ಜೆರ್ರಿ ಬುಕ್‌ಮೇಯರ್ ಅವರ ಪರ ತೀರ್ಪು ಕೊಟ್ಟರು. ಹದಿನಾಲ್ಕು–ಒಂದು ಯೋಜನೆಯನ್ನು ಆ ಡಿಸೆಂಬರ್‌ನಲ್ಲಿ ಜನಮತಕ್ಕೆ ಹಾಕಿದಾಗ ನಾನೂರಕ್ಕೂ ಕಡಿಮೆ ಮತಗಳಿಂದ ಸೋತಿತು. ಆದರೂ ನ್ಯಾಯಾಲಯದ ಆದೇಶದಿಂದ 1991ರ ನವೆಂಬರ್‌ನಲ್ಲಿ ಅದೇ ಪದ್ಧತಿಯಲ್ಲಿ ಚುನಾವಣೆ ನಡೆಯಿತು. ಬಹುಮತ ಬೇಡ ಎಂದದ್ದನ್ನು ನ್ಯಾಯಾಧೀಶರೊಬ್ಬರು ಜಾರಿ ಮಾಡುವುದು ಸರಿಯೇ ಎಂದು ತರಗತಿಯಲ್ಲಿ ಚರ್ಚೆ ಮಾಡಿದೆವು. ಬಹುಮತದಿಂದ ರಕ್ಷಣೆ ಬೇಕಾದವರ ವಿಷಯವನ್ನು ಬಹುಮತಕ್ಕೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಸ್ಟಿನ್‌ನ ಸೋಲುಗಳೇ ಉತ್ತರ ಎಂದು ನಾನು ವಾದಿಸಿದೆ.

ಹ್ಯೂಸ್ಟನ್ ಬಗ್ಗೆ ಬೇಗ ಹೇಳುತ್ತೇನೆ. ಅಲ್ಲಿ ಮೇಯರ್ ಎಂದರೆ ನಿಜವಾಗಿಯೂ ಯಜಮಾನ. ಸಭೆಯ ಮುಂದೆ ಯಾವ ವಿಷಯ ಬರಬೇಕು ಎಂಬುದೂ ಅವರ ಕೈಯಲ್ಲೇ ಇತ್ತು. ಮೂವರು ಸದಸ್ಯರು ಸೇರಿ ವಿಷಯ ತರಬಹುದು ಎಂದು ಚಾರ್ಟರ್ ತಿದ್ದಿದ್ದು 2023ರಲ್ಲಿ. ವಾರ್ಡು ಬಂದ ಕಥೆ ಬೇರೆ. 1970ರ ದಶಕದಲ್ಲಿ ಹ್ಯೂಸ್ಟನ್ ಸುತ್ತಲಿನ ಬಡಾವಣೆಗಳನ್ನು ಒಂದೊಂದಾಗಿ ನುಂಗುತ್ತಿತ್ತು. ಅಲ್ಲಿದ್ದವರು ಹೆಚ್ಚಾಗಿ ಬಿಳಿಯರು. ಅವರು ಸೇರಿದಷ್ಟೂ ಒಳಗಿನ ಕಪ್ಪು ಮತ್ತು ಲ್ಯಾಟಿನೋ ಮತಗಳು ತೆಳುವಾಗುತ್ತಿದ್ದವು. ಹ್ಯೂಸ್ಟನ್‌ನವರೇ ಆದ ಸಂಸದೆ ಬಾರ್ಬರಾ ಜೋರ್ಡನ್ ಅವರ ಪ್ರಯತ್ನದಿಂದ 1975ರಲ್ಲಿ ಕೇಂದ್ರದ ಮತದಾನ ಹಕ್ಕು ಕಾಯ್ದೆ ಟೆಕ್ಸಸ್‌ಗೂ ಅನ್ವಯವಾಗಿತ್ತು. ಆ ಕಾಯ್ದೆಯಡಿ ಕೇಂದ್ರ ಸರಕಾರ ತಕರಾರು ಎತ್ತಿತು. 1979ರಲ್ಲಿ ಒಂಬತ್ತು ವಾರ್ಡು, ಐದು ಇಡೀ ಊರಿನ ಸೀಟು ಬಂದವು. 2011ರ ಚುನಾವಣೆಗೆ ವಾರ್ಡುಗಳು ಹನ್ನೊಂದಾದವು. ಮೊದಲೇ ಅನುಮತಿ ಪಡೆಯಬೇಕೆಂಬ ಆ ನಿಯಮವನ್ನು 2013ರಲ್ಲಿ ಸುಪ್ರೀಂ ಕೋರ್ಟ್ ನಿಷ್ಕ್ರಿಯ ಮಾಡಿತು.

ಇಷ್ಟು ಓದಿದ ಮೇಲೆ ವಾರ್ಡು ಎಂದರೆ ಎಲ್ಲಕ್ಕೂ ಮದ್ದು ಎಂದು ನೀವು ಅಂದುಕೊಳ್ಳಬಹುದು. ನಮ್ಮಂಥವರಿಗೆ ಹಾಗಲ್ಲ. ಒಂದೇ ಕೇರಿಯಲ್ಲಿ ಒತ್ತಾಗಿ ಇರುವ ಜನಕ್ಕೆ ವಾರ್ಡು ನೆರವಾಗುತ್ತದೆ. ಕನ್ನಡದ ಮನೆಗಳು ಪ್ಲೇನೋ, ಫ್ರಿಸ್ಕೋ, ಅರ್ವಿಂಗ್, ಕೇಟಿ, ಶುಗರ್ ಲ್ಯಾಂಡ್, ರೌಂಡ್ ರಾಕ್ ಎಂದು ಅಲ್ಲೊಂದು ಇಲ್ಲೊಂದು ಇವೆ. ಯಾವ ಗೆರೆ ಎಳೆದರೂ ನಾವು ಬಹುಮತವಾಗುವುದಿಲ್ಲ. ಚದುರಿದವರಿಗೆ ಡಿವಿಟಿಯವರ ಕಾಲದ ಆ ಒಂಟಿ ಮತದ ಉಪಾಯವೇ ಹೆಚ್ಚು ಉಪಯುಕ್ತ. ತಮಾಷೆಯೆಂದರೆ, ಅದಕ್ಕೂ ರಾಜ್ಯದ ಕಾನೂನಿನಲ್ಲಿ ಒಂದು ಕಿಂಡಿ ಇದೆ. ಶಾಲಾ ಮಂಡಳಿಗಳು ಬೇಕಿದ್ದರೆ, ಮತದಾರ ತನ್ನ ಎಲ್ಲ ಮತಗಳನ್ನೂ ಒಬ್ಬರಿಗೇ ಸುರಿಯಬಹುದಾದ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅಮರಿಲೊ ಶಾಲಾ ಮಂಡಳಿ 2000ದಲ್ಲಿ ಹಾಗೆ ಮಾಡಿದಾಗ ಒಬ್ಬ ಕಪ್ಪು, ಒಬ್ಬ ಲ್ಯಾಟಿನಾ ಅಭ್ಯರ್ಥಿ ಗೆದ್ದರು. ಹಾಗೆ ನೋಡಿದರೆ ನಮ್ಮ ಒಂದೇ ಮನೆಗೆ ನಗರ ಡಲ್ಲಾಸ್, ಕೌಂಟಿ ಕಾಲಿನ್, ಶಾಲಾ ಮಂಡಳಿ ಪ್ಲೇನೋದ್ದು. ಮೂರಕ್ಕೂ ಬೇರೆ ಬೇರೆ ಚುನಾವಣೆ.

ಚುನಾವಣೆ ಯಾವ ದಿನ ಎಂಬುದೂ ರಾಜ್ಯದ್ದೇ ನಿರ್ಧಾರ. ಊರುಗಳು ತಮಗೆ ಬೇಕಾದ ದಿನ ಇಟ್ಟುಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಮೇ ತಿಂಗಳ ಮೊದಲ ಶನಿವಾರ ಅಥವಾ ನವೆಂಬರ್‌ನ ಮಂಗಳವಾರ. ಹದಿನಾರು ತುಂಬಿದ ಶಾಲಾ ವಿದ್ಯಾರ್ಥಿಗಳು ಮತಗಟ್ಟೆಯಲ್ಲಿ ಗುಮಾಸ್ತರಾಗಿ ಕೆಲಸ ಮಾಡಬಹುದು ಎಂಬ ಒಳ್ಳೆಯ ನಿಯಮವೂ ಇದೆ. ಈ ಮೇನಲ್ಲಿ ನಾನು ಮಾಡಿದೆ. ಅದಕ್ಕಾಗಿ ಒಂದು ಶನಿವಾರ ಕನ್ನಡ ಶಾಲೆ ತಪ್ಪಿಸಿದೆ, ಮೇಡಂಗೆ ಕಾರಣ ಗೊತ್ತು. ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿವರೆಗೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಒಂದು ಗಂಟೆ ಒಬ್ಬರೂ ಬರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಅಜ್ಜ ಅಜ್ಜಿಯರು.

ನನ್ನ ಅಜ್ಜಿಗೆ ಇದನ್ನು ಫೋನಿನಲ್ಲಿ ಹೇಳಿದಾಗ, "ನಮ್ಮೂರಲ್ಲಿ ಆಗಿದ್ರೆ ಮದ್ವೆ ಮನೆ ಥರ ಜನ ಇರ್ತಿದ್ರು ಕಣೇ" ಎಂದರು. ಅಜ್ಜಿ ಅರಸೀಕೆರೆ ತಾಲ್ಲೂಕಿನವರು. 1987ರಲ್ಲಿ ಮಂಡಲ ಪಂಚಾಯಿತಿ ಸದಸ್ಯೆಯಾಗಿದ್ದರು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾನೂನು ನಾಲ್ಕರಲ್ಲೊಂದು ಸ್ಥಾನವನ್ನು ಹೆಂಗಸರಿಗೆ ಮೀಸಲಿಟ್ಟಿತ್ತು. ಕೊಳವೆ ಬಾವಿ ತೋಡಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎನ್ನುತ್ತಿದ್ದರಂತೆ. ಅಜ್ಜಿ ಹೇಳುವ ಪ್ರಕಾರ ಮೊದಲ ಸಭೆಯಲ್ಲಿ ಅವರಿಗೆ ಕುರ್ಚಿ ಇದ್ದರೂ ಬಾಗಿಲ ಹತ್ತಿರವೇ ನಿಂತಿದ್ದರು. ಮೂರನೇ ಸಭೆಯಲ್ಲಿ ಕೈಪಂಪು ಕೇಳಿ ಗಲಾಟೆ ಮಾಡಿದರು. ಆಸ್ಟಿನ್‌ನ ಸಭ್ಯರ ಒಪ್ಪಂದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲಿದೆ: ಅಜ್ಜಿಯ ಕುರ್ಚಿ ಯಾರ ಸಭ್ಯತೆಯಿಂದಲೂ ಬಂದದ್ದಲ್ಲ, ಕಾನೂನಿನಲ್ಲಿ ಬರೆದಿತ್ತು.

ಆದರೆ ಕಾನೂನಿನಲ್ಲಿ ಬರೆದದ್ದೆಲ್ಲ ನಡೆಯುತ್ತದೆ ಎಂದೂ ಅಲ್ಲ. 1992ರ 74ನೇ ತಿದ್ದುಪಡಿಯ ಪ್ರಕಾರ ಭಾರತದ ಯಾವುದೇ ನಗರಸಭೆಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಯಿತು, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಆಮೇಲೆ ವಾರ್ಡು ಎಷ್ಟಿರಬೇಕು ಎಂದು ರಾಜ್ಯ ಸರಕಾರಗಳು ಲೆಕ್ಕ ಹಾಕುತ್ತಲೇ ಹೋದವು. 2025ರ ಸೆಪ್ಟೆಂಬರ್‌ನಲ್ಲಿ ಊರನ್ನೇ ಐದು ಪಾಲಿಕೆಗಳಾಗಿ ಒಡೆದರು. ಅಷ್ಟು ವರ್ಷ ಬಸವನಗುಡಿಯ ನಮ್ಮ ಸೋದರಮಾವನಿಗೆ ಕಾರ್ಪೊರೇಟರ್ ಇರಲಿಲ್ಲ. ಗುಂಡಿ ಬಿದ್ದ ರಸ್ತೆಯ ಫೋಟೋ ತೆಗೆದು ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೇ ಹಾಕುತ್ತಿದ್ದರು.

ಟೆಕ್ಸಸ್‌ನಲ್ಲಿ ಚುನಾವಣೆ ತಪ್ಪುವುದಿಲ್ಲ. ಇಲ್ಲಿ ರಾಜ್ಯ ಕೈ ಹಾಕುವುದು ಚುನಾವಣೆ ಆದಮೇಲೆ. ಆಸ್ಟಿನ್ 2010ರಲ್ಲಿ, ಡಲ್ಲಾಸ್ 2015ರಲ್ಲಿ ಒಂದು ನಿಯಮ ಮಾಡಿದ್ದವು: ಕಟ್ಟಡ ಕೆಲಸದವರಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷ ವಿಶ್ರಾಂತಿ ಕೊಡಬೇಕು. ಇಲ್ಲಿನ ಆಗಸ್ಟ್ ಬಿಸಿಲು ನಿಮಗೆಲ್ಲ ಗೊತ್ತು. ನಮ್ಮ ಬೀದಿಯಲ್ಲಿ ಆಲಿಕಲ್ಲು ಮಳೆಯ ನಂತರ ಛಾವಣಿ ರಿಪೇರಿಗೆ ಬರುವವರು ಬೆಳಕಾಗುವ ಮೊದಲೇ ಏಣಿ ಹತ್ತುತ್ತಾರೆ, ಅಮ್ಮ ಮಧ್ಯಾಹ್ನ ಒಂದು ಜಗ್ ಮಜ್ಜಿಗೆ ಹೊರಗಿಡುತ್ತಾಳೆ. ಅವರಲ್ಲಿ ಎಷ್ಟೋ ಜನರಿಗೂ ನನ್ನ ಅಪ್ಪ ಅಮ್ಮನ ಹಾಗೆ ಮತವಿಲ್ಲ. ಆ ನಿಯಮ ಬಂದದ್ದು ನಗರಸಭೆಯ ಮುಂದೆ ಹೋಗಿ ಕೇಳಿದ್ದರಿಂದ. 2023ರಲ್ಲಿ ಶಾಸಕಾಂಗ ಎಚ್‌ಬಿ 2127 ಎಂಬ ಕಾನೂನು ತಂದಿತು. ಕಾರ್ಮಿಕ, ಕೃಷಿ, ಹಣಕಾಸು ಮುಂತಾದ ಕ್ಷೇತ್ರಗಳಲ್ಲಿ ರಾಜ್ಯದ ಕಾನೂನು ಸ್ಪಷ್ಟವಾಗಿ ಅನುಮತಿ ಕೊಡದ ಹೊರತು ನಗರಗಳು ತಮ್ಮದೇ ನಿಯಮ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಊರಿಗೊಂದು ನಿಯಮವಿದ್ದರೆ ವ್ಯಾಪಾರ ಮಾಡುವುದು ಕಷ್ಟ ಎಂಬುದು ಅದರ ಪರ ವಾದ. ಅಪ್ಪ ಅದನ್ನು ಅರ್ಧ ಒಪ್ಪುತ್ತಾರೆ. ನಾನು ಒಪ್ಪುವುದಿಲ್ಲ, ಈ ವಿಷಯದಲ್ಲಿ ನಮ್ಮ ಮನೆಯ ಊಟದ ಮೇಜಿನಲ್ಲಿ ಇನ್ನೂ ತೀರ್ಪು ಬಂದಿಲ್ಲ. ಹ್ಯೂಸ್ಟನ್ ನಗರ ದಾವೆ ಹೂಡಿತು. ಇದು 1912ರ ಹೋಂ ರೂಲ್ ತಿದ್ದುಪಡಿಗೇ ವಿರುದ್ಧ ಎಂಬುದು ಅದರ ವಾದ. ಸ್ಯಾನ್ ಆಂಟೋನಿಯೊ, ಎಲ್ ಪಾಸೊ ಜೊತೆಗೂಡಿದವು. 2023ರ ಆಗಸ್ಟ್‌ನಲ್ಲಿ ಆಸ್ಟಿನ್‌ನ ನ್ಯಾಯಾಧೀಶರು ಹ್ಯೂಸ್ಟನ್ ಪರ ತೀರ್ಪು ಕೊಟ್ಟರು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು.